ಸೋಲಬೇಕಾದ ಸುಲ್ತಾನ

ಕಲಬುರಗಿಯ ತಹಮತನ್ ಶಹಾ ಪಟ್ಟಕ್ಕೆ ಬಂದಾಗ ಹದಿನೇಳರ ಹುಡುಗ. ಅಪ್ಪ ತೀರಿಕೊಂಡ, ದೊಡ್ಡವರು ಸೇರಿ ಇವನನ್ನು ಕೂರಿಸಿದರು, ಇವನು ಕುಳಿತ. ಎರಡು ತಿಂಗಳು ತುಂಬುವುದರೊಳಗೆ ಎಬ್ಬಿಸಿಯೂ ಬಿಟ್ಟರು. ಅಷ್ಟರಲ್ಲಿ ಅವನು ಮಾಡಿದ ಒಂದೇ ಒಂದು ಕೆಲಸವೆಂದರೆ, ತುರ್ಕಿ ಗುಲಾಮರ ಮುಖಂಡ ತುಘಲ್‌ಚಿನ್ ತನಗೆ ದೊಡ್ಡ ಪದವಿ ಬೇಕೆಂದು ಕೇಳಿದಾಗ ಕೊಡುವುದಿಲ್ಲ ಎಂದದ್ದು. ತುಘಲ್‌ಚಿನ್ ಬೇಸರ ತೋರಿಸಿಕೊಳ್ಳಲಿಲ್ಲ. ಮನೆಗೆ ಊಟಕ್ಕೆ ಕರೆದ. ಊಟದ ಮನೆಯಲ್ಲಿ ಹುಡುಗನ ಕಣ್ಣು ಕೀಳಿಸಿ ಸಗರದ ಕೋಟೆಗೆ ಅಟ್ಟಿದ. ಆ ಹುಡುಗನ ತಮ್ಮನನ್ನು ತಂದು ಅದೇ ಸಿಂಹಾಸನದಲ್ಲಿ ಕೂರಿಸಿದ.

ಬದಿಯಡ್ಕದ ಟೈಲ್ಸ್ ಅಂಗಡಿಯಲ್ಲಿ ಗಿರಾಕಿಗಳಿಗೆ ಬಾತ್‌ರೂಮಿನ ಗೋಡೆಯ ಮಾದರಿ ತೋರಿಸುವ ನಡುನಡುವೆ ಲತೀಶ್ ಇಷ್ಟನ್ನು ಮೊಬೈಲಿನಲ್ಲಿ ಓದಿಕೊಂಡ. ಇನ್ನೂ ಇರಬಹುದೆಂದು ಬೆರಳು ಜಾರಿಸಿದ. ಹೆಚ್ಚೇನೂ ಇರಲಿಲ್ಲ. ಅವನ ನಂತರ ಬಂದವರ ಬಗ್ಗೆ ಪುಟಗಟ್ಟಲೆ ಇತ್ತು.

ಭಾನುವಾರದ ತಾಳಮದ್ದಳೆಯಲ್ಲಿ ಈ ಹುಡುಗನ ಅರ್ಥ, ಎಂದರೆ ಮಾತು, ಹೇಳಬೇಕಾದವನು ಅವನು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಶಾಲು ಹೊದ್ದವರು ಮೈಕಿನ ಮುಂದೆ ಎದುರುಬದುರಾಗಿ ಕುಳಿತು, ಬರೆದದ್ದೊಂದೂ ಇಲ್ಲದೆ, ಬಾಯಿಗೆ ಬಂದ ಮಾತಿನಲ್ಲೇ ರಾಜ್ಯ ಕಟ್ಟುತ್ತಾರೆ, ತಲೆ ಉರುಳಿಸುತ್ತಾರೆ. ಹದಿನೈದು ವರ್ಷಗಳಿಂದ ಲತೀಶ್ ಹಾಗೆ ಕುಳಿತಿದ್ದ. ಆದರೆ ಯಾವಾಗಲೂ ಎಡಗಡೆಯ ಕೊನೆಯ ಕುರ್ಚಿ. ಮಹೇಶ್ವರ ಆಳ್ವರು ವಾಲಿಯಾದರೆ ಇವನು ಸುಗ್ರೀವ. ಅವರು ಕೌರವನಾದರೆ ಇವನು ವಿಕರ್ಣ. ಎದುರಿನವನ ಮಾತಿಗೆ ಕಡೆಗೆ ಸೋಲಲೇಬೇಕಾದ ಪಾತ್ರಗಳು. ಯಾರಿಗೆ ಯಾವ ಪಾತ್ರ ಎಂದು ಆ ಸಂಘದಲ್ಲಿ ಹೇಳುವವರು ಆಳ್ವರೇ. ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಎಲ್ಲರ ಬಾಯಲ್ಲಿ ಆಳ್ವ ಮಾಷ್ಟ್ರು. ಲತೀಶನಿಗೆ ಉಸಿರು ಎಲ್ಲಿ ಬಿಡಬೇಕೆಂಬಲ್ಲಿಂದ ಹಿಡಿದು ಎಲ್ಲವನ್ನೂ ಕಲಿಸಿದ್ದು ಅವರು. ಗೆಲ್ಲುವುದೊಂದನ್ನು ಬಿಟ್ಟು.

ಗುರುವಾರ ಮಧ್ಯಾಹ್ನ ಮಾಷ್ಟ್ರ ಮಗಳು ವಿಜೇತಾ ಅಂಗಡಿಗೆ ಬಂದಳು. ಕಾಸರಗೋಡಿನಲ್ಲಿ ಕಾಲೇಜು ಮಕ್ಕಳಿಗೆ ಇತಿಹಾಸ ಕಲಿಸುವವಳು. ಸುಲ್ತಾನನ ಪ್ರಸಂಗ ಬರೆದದ್ದೂ ಅವಳೇ. ಕೊಡೆಯನ್ನು ಬಾಗಿಲಲ್ಲೇ ಒರಗಿಸಿ, ಟೈಲ್ಸ್ ನೋಡುವವಳ ಹಾಗೆ ಒಂದು ಸುತ್ತು ಬಂದು, ಯಾರೂ ಇಲ್ಲದ ಮೂಲೆಯಲ್ಲಿ ನಿಂತಳು.

"ಕಥೆ ಕಣ್ಣು ಹೋದಲ್ಲಿಗೇ ಮುಗಿಯುದಿಲ್ಲ ಅಲ್ವಾ ಅಕ್ಕ?" ಲತೀಶನೇ ಶುರು ಮಾಡಿದ. "ಕಡೆಗೆ ಆ ಕುರುಡನ ಕೈಗೆ ಕತ್ತಿ ಕೊಟ್ರು, ಅವ ಒಂದೇ ಪೆಟ್ಟಿಗೆ ತುಘಲ್‌ಚಿನ್‌ನನ್ನು ಕಡಿದ ಅಂತ ಇನ್ನೊಂದು ಕಡೆ ಉಂಟಲ್ಲ. ಅದನ್ನೂ ಹಾಕ್ಬಹುದಿತ್ತು."

"ಹಾಗೊಂದು ಕಥೆ ಹೇಳ್ತಾರೆ. ನನಗೆ ನಂಬಿಕೆ ಇಲ್ಲ."

"ನಮ್ಮ ಪ್ರಸಂಗಕ್ಕೆ ನಂಬಿಕೆ ಎಂತಕ್ಕೆ? ಹತ್ತು ತಲೆಯವನನ್ನು ನಂಬಿ ಕೂತವರು ನಾವು."

ವಿಜೇತಾ ನಗಲಿಲ್ಲ. "ಕಣ್ಣು ಹೋದಲ್ಲಿಗೆ ಮಂಗಳ, ಲತೀಶ. ಅದಕ್ಕಿಂತ ಮುಂದೆ ಅಪ್ಪನ ಕೈಯಲ್ಲಿ ಆಗುದಿಲ್ಲ."

ಆಮೇಲೆ ಅವಳು ಹೇಳಿದ್ದನ್ನು ಲತೀಶ್ ಒಂದು ನೀಲಿ ಟೈಲ್ಸಿನ ಅಂಚನ್ನು ಉಜ್ಜುತ್ತ ಕೇಳಿಸಿಕೊಂಡ. ಮಾಷ್ಟ್ರಿಗೆ ಮರೆವು ಶುರುವಾಗಿದೆ. ವಯಸ್ಸಿನ ಮರೆವಲ್ಲ, ಹೆಸರಿರುವ ಕಾಯಿಲೆ. ಮಂಗಳೂರಿನ ಡಾಕ್ಟರು ಮೆದುಳಿನ ಚಿತ್ರ ತೆಗೆದು ತೋರಿಸಿದ್ದಾರೆ. ಹಳೆಯ ಪದ, ಶ್ಲೋಕ ಎಲ್ಲ ಗಟ್ಟಿಯಾಗಿವೆ. ಎದುರಿಗೆ ಕುಳಿತವರು ಯಾರೆಂಬುದು ಮಾತ್ರ ಕೆಲವೊಮ್ಮೆ ಜಾರುತ್ತದೆ. ಮೊನ್ನೆ ಮಗಳನ್ನೇ ನೋಡಿ, ಈ ಬಾಡಿಗೆ ಕಾರಿನವಳು ಒಳ್ಳೆ ಓಡಿಸ್ತಾಳೆ ಎಂದರಂತೆ.

"ಹಳೆ ಪ್ರಸಂಗ ಆದ್ರೆ ಎದುರಿಗೆ ಕೂತ ಮುದುಕರಿಗೆಲ್ಲ ಬಾಯಿಪಾಠ. ಒಂದು ತಪ್ಪಿದ್ರೆ ಗೊತ್ತಾಗ್ತದೆ. ಇದು ಹೊಸತು. ತಪ್ಪಿದ್ರೂ ಕಥೆಯೇ ಹಾಗೆ ಅಂತ ತಿಳ್ಕೊಳ್ತಾರೆ. ಅದಕ್ಕೇ ಬರೆದದ್ದು ನಾನು. ಇದು ಅಪ್ಪನ ಕಡೆಯದ್ದು. ಆಮೇಲೆ ಏನಾದ್ರೂ ನೆಪ ಹೇಳಿ ನಿಲ್ಲಿಸ್ತೇನೆ."

"ಬೇರೆ ಯಾರಿಗೆ ಗೊತ್ತುಂಟು?"

"ಈಶ್ವರಪ್ರಸಾದಣ್ಣನಿಗೆ ಹೇಳಿದ್ದೇನೆ. ಭಾಗವತರಿಗೆ ಗೊತ್ತಿಲ್ಲದೆ ಆಗುದಿಲ್ಲ. ಮತ್ತೆ ನಿಮಗೆ. ಅಪ್ಪ ಎಲ್ಲಿ ನಿಂತ್ರೂ ನೀವು ಎತ್ತಿಕೊಡ್ಬೇಕು."

ಎತ್ತಿಕೊಡುವುದೆಂದರೆ ಆ ಮಂದಿಯ ನಡುವಿನ ಒಂದು ಮರ್ಯಾದೆ. ಎದುರಿನವನ ದಾರಿ ತಪ್ಪಿತೆಂದು ಗೊತ್ತಾದ ಕೂಡಲೇ, ಅವನು ಹೇಳಬೇಕಾದದ್ದನ್ನು ನಮ್ಮ ಪ್ರಶ್ನೆಯೊಳಗೆ ಸುತ್ತಿ ಅವನ ಕೈಗೆ ಕೊಡುವುದು. ಸಭೆಗೆ ಅದು ಪ್ರಶ್ನೆಯೆಂದೇ ಕೇಳಬೇಕು. ಎಷ್ಟು ಜಗಳವಾಡಿದವರೂ, ವೇದಿಕೆಯ ಹಿಂದೆ ಮುಖ ನೋಡದವರೂ, ಮೈಕಿನ ಮುಂದೆ ಇದನ್ನು ತಪ್ಪಿಸುವುದಿಲ್ಲ.

"ಸುಲ್ತಾನ ಲತೀಶನಿಗೇ ಇರ್ಲಿ ಅಂತ ಅಪ್ಪನಿಗೆ ಹೇಳಿದ್ದು ನಾನು," ಎಂದಳು ವಿಜೇತಾ. "ಬೇರೆಯವರಿಗೆ ಗೆಲ್ಲುವ ಚಟ ಉಂಟು. ನೀವು ಹಾಗಲ್ಲ."

"ನಾನುಂಟಲ್ಲ ಅಕ್ಕ. ಹೆದರ್ಬೇಡಿ."

ಅವಳು ಹೋದ ಮೇಲೂ ಆ ಮಾತು ಅಂಗಡಿಯಲ್ಲೇ ಉಳಿಯಿತು. ನೀವು ಹಾಗಲ್ಲ. ಹೊಗಳಿದ್ದು ಹೌದು. ಸಂಜೆ ಶಟರ್ ಎಳೆಯುವ ಹೊತ್ತಿಗೆ ಅದು ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತತೊಡಗಿತ್ತು.

ಭಾನುವಾರ ಎರಡೂವರೆಗೆ ಚೆಂಡೆಯ ಸದ್ದಿನೊಂದಿಗೆ ಶುರುವಾಯಿತು. ಬದಿಯಡ್ಕದ ಪೇಟೆಯಲ್ಲಿ, ಜವಳಿ ಅಂಗಡಿಯ ಮಾಳಿಗೆಯ ಮೇಲಿನ ಹಾಲ್. ತಗಡಿನ ಮಾಡಿಗೆ ಆಟಿ ತಿಂಗಳ ಜಡಿಮಳೆ. ಸಂಘದ ಕಾರ್ಯದರ್ಶಿ ಧನರಾಜ್ ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿ ಫೇಸ್‌ಬುಕ್ಕಿಗೆ ಲೈವ್ ಬಿಟ್ಟಿದ್ದ. ಗಲ್ಫಿನಲ್ಲಿರುವವರು ನೋಡುತ್ತಾರೆಂದು ಎಲ್ಲರಿಗೂ ಇಸ್ತ್ರಿ ಹಾಕಿದ ಶಾಲು ಹೊದೆಸಿದ್ದ. ಹಾಲ್ ತುಂಬಿತ್ತು. ಸುಲ್ತಾನನಿಗಾಗಿ ಯಾರೂ ಬಂದಿರಲಿಲ್ಲ, ಎಲ್ಲರೂ ಬಂದದ್ದು ಮಾಷ್ಟ್ರ ತುಘಲ್‌ಚಿನ್‌ಗಾಗಿ. ವಿಜೇತಾ ಎರಡನೆಯ ಸಾಲಿನಲ್ಲಿ, ತಂದೆಗೆ ಸರಿಯಾಗಿ ಕಾಣುವ ಕಡೆ ಕುಳಿತಿದ್ದಳು.

ಮೊದಲ ಅರ್ಧ ಗಂಟೆಯಲ್ಲಿ ಲತೀಶನಿಗೆ ಅನ್ನಿಸಿದ್ದು, ವಿಜೇತಾ ಸುಳ್ಳು ಹೇಳಿದ್ದಾಳೆ ಎಂದು. ಮಾಷ್ಟ್ರು ಉರಿಯುತ್ತಿದ್ದರು. ಮಾರುಕಟ್ಟೆಯಲ್ಲಿ ಮಾರಾಟಕ್ಕೆ ನಿಂತ ಬಾಲಕ, ಹಲ್ಲು ಎಣಿಸಿ ನೋಡಿದ ವರ್ತಕ, ಹಡಗಿನ ತಳದ ಕತ್ತಲೆ, ಇದಾವುದೂ ವಿಜೇತಾಳ ಪದಗಳಲ್ಲಿರಲಿಲ್ಲ. ಆಗ ಹುಟ್ಟಿಸಿಕೊಂಡು ಹೇಳುತ್ತಿದ್ದರು. ಎದುರಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು. ಗುಲಾಮ ಸಭೆಯನ್ನು ಗೆದ್ದಿದ್ದ. ಸುಲ್ತಾನ ಆಗಾಗ "ಹೌದೇ?" "ಮುಂದೆ?" ಎನ್ನುತ್ತಿದ್ದ.

ಪದವಿ ಕೇಳುವ ಪದ ಬಂತು. ಸುಲ್ತಾನ ಕೊಡುವುದಿಲ್ಲ ಎನ್ನಬೇಕಾದ ಜಾಗ. ಲತೀಶ್ ಅದನ್ನು ಚೆನ್ನಾಗಿಯೇ ಹೇಳಿದ. "ತುಘಲ್‌ಚಿನ್, ಕೊಡುವುದು ಸುಲಭ. ಕೊಟ್ಟ ಮೇಲೆ ಈ ಆಸನದಲ್ಲಿ ಕುಳಿತವನು ಯಾರು ಎಂದು ಜನ ಕೇಳುತ್ತಾರೆ. ಅದಕ್ಕೆ ನನ್ನಲ್ಲಿ ಉತ್ತರವಿರಬೇಕಲ್ಲ?" ಹಿಂದಿನಿಂದ ಯಾರೋ "ಭೇಷ್" ಎಂದರು. ಮಳೆಯಲ್ಲೂ ಅದು ಲತೀಶನಿಗೆ ಕೇಳಿಸಿತು. ಮಾಷ್ಟ್ರಿಗೂ ಕೇಳಿಸಿರಬೇಕು.

ಅವರು ಶಾಲು ಸರಿಮಾಡಿಕೊಂಡು ಮೈಕಿಗೆ ಬಾಗಿದರು. "ಪ್ರಭುಗಳು ಆಸನದ ಮಾತೆತ್ತಿದಿರಿ. ಆಸನದ ವಿಚಾರ ನನಗೆ ಬಿಡಿ. ಅದರ ಕೆಳಗೆ ಹಾಸುವ ಕಲ್ಲಿನ ವಿಚಾರವಾದರೆ ತಮ್ಮಷ್ಟು ತಿಳಿದವರು ಬದಿಯಡ್ಕದಿಂದ ಕಲಬುರಗಿಯವರೆಗೆ ಇಲ್ಲವಂತೆ. ಚದರಡಿಗೆ ಎಷ್ಟು, ನೀರು ಬಿದ್ದರೆ ಜಾರುತ್ತದೋ ಇಲ್ಲವೋ, ಎಲ್ಲ ಬಲ್ಲವರು. ಅಂಥವರನ್ನು ಎತ್ತಿ ಮೇಲೆ ಕೂರಿಸಿದ್ದು ನನ್ನ ತಪ್ಪು!"

ಹಾಲ್ ಬಿದ್ದು ಬಿದ್ದು ನಕ್ಕಿತು. ಮದ್ದಳೆಯವನೂ ನಕ್ಕ. ಧನರಾಜ್ ಮೊಬೈಲಿನ ಹಿಂದೆ ಬಾಯಿ ಮುಚ್ಚಿಕೊಂಡ. ಇಂಥ ಕುಟುಕು ಹೊಸತಲ್ಲ, ಸಭೆ ಕಾಯುವುದೇ ಇದಕ್ಕೆ. ಲತೀಶನೂ ಪ್ರತಿ ಸಲದಂತೆ ನಕ್ಕ. ಆದರೆ ಈ ಸಲ ನಗು ಮುಖದಿಂದ ಇಳಿಯಲಿಲ್ಲ, ಅಂಟಿಕೊಂಡೇ ಇತ್ತು. ನಾನು ಮಾಷ್ಟ್ರನ್ನು ಕಾಪಾಡಲು ಕುಳಿತವನು, ಎಂದುಕೊಂಡ. ಕಾಪಾಡುವವನಿಗೆ ಇವರು ಹೀಗೆ ಹೊಡೆಯುತ್ತಾರೆ.

ಈಶ್ವರಪ್ರಸಾದ ಮುಂದಿನ ಪದ ಎತ್ತಿದ. ತುಘಲ್‌ಚಿನ್ ಸಿಟ್ಟನ್ನು ನುಂಗಿ, ನಯವಾಗಿ ಸುಲ್ತಾನನನ್ನು ಮನೆಗೆ ಊಟಕ್ಕೆ ಕರೆಯುವ ಪದ. ಜಾಗಟೆ ನಿಂತಿತು. ಮಾಷ್ಟ್ರು ಮೈಕಿಗೆ ಬಾಗಿದರು.

"ನಿನ್ನನ್ನು ಇಲ್ಲಿ ಕೂರಿಸಿದವನು ನಾನು," ಎಂದರು. ನಿಲ್ಲಿಸಿದರು. "ನಿನ್ನನ್ನು ಇಲ್ಲಿ ಕೂರಿಸಿದವನು ನಾನು." ಸಭೆ ಇದನ್ನು ಒತ್ತಿ ಹೇಳಿದ್ದೆಂದು ತಿಳಿದು ಕಿವಿ ನಿಮಿರಿಸಿತು. ಮೂರನೆಯ ಸಲ ಮಾತು ಅರ್ಧಕ್ಕೇ ನಿಂತಿತು. ಅವರು ಲತೀಶನ ಕಡೆ ನೋಡಿದರು. ಹಳೆಯ ಪಾತ್ರಗಳಲ್ಲಿ ಸಾವಿರ ಸಲ ಕಂಡ ನೋಟ ಅದಲ್ಲ. ಬೇರೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಓದಲಾಗದೆ, ಯಾರನ್ನು ಕೇಳಲಿ ಎಂದು ಮುಖಗಳನ್ನು ಹುಡುಕುವವನ ನೋಟ.

ಲತೀಶನ ನಾಲಗೆಯ ಮೇಲೆ ಮಾತು ಸಿದ್ಧವಿತ್ತು. "ಏನು ತುಘಲ್‌ಚಿನ್, ಮನೆಗೆ ಊಟಕ್ಕೆ ಕರೆಯಲು ಬಂದವನು ಬಾಗಿಲಲ್ಲೇ ನಿಂತೆಯಲ್ಲ?" ಇಷ್ಟು ಸಾಕಿತ್ತು. ಅಲ್ಲಿಂದ ಮಾಷ್ಟ್ರು ಹಿಡಿದುಕೊಂಡು ಹೋಗುತ್ತಿದ್ದರು. ಎರಡನೆಯ ಸಾಲಿನಲ್ಲಿ ವಿಜೇತಾ ಮುಂದಕ್ಕೆ ಸರಿದು ಕುಳಿತದ್ದು ಕಂಡಿತು. ಈಶ್ವರಪ್ರಸಾದ ಇವನನ್ನೇ ನೋಡುತ್ತಿದ್ದ. ಇವರೆಲ್ಲ ಈಗ ನನ್ನ ಬಾಯಿಗೆ ಕಾಯುತ್ತಿದ್ದಾರೆ ಎಂದು ಲತೀಶನಿಗೆ ಹೊಳೆಯಿತು. ಹದಿನೈದು ವರ್ಷದಲ್ಲಿ ಮೊದಲ ಸಲ. ಒಳಗೊಂದು ಬೆಚ್ಚನೆಯ ಸುಖ ಹರಿಯಿತು. ಆ ಸುಖವೇ ಮಾತಾಡಿತು.

"ಕೂರಿಸಿದವನು ನೀನು," ಎಂದ ಲತೀಶ್. ಅವನ ದನಿ ಎಂದಿಗಿಂತ ಕೆಳಗಿತ್ತು, ಶಾಂತವಾಗಿತ್ತು. "ಒಪ್ಪಿದೆ. ಹಾಗಾದರೆ ಒಂದು ಹೇಳು. ಯಾರನ್ನು ಕೂರಿಸಿದೆ? ನನ್ನ ಹೆಸರೇನು?"

ಮಾಷ್ಟ್ರ ತುಟಿ ಅಲುಗಿತು.

"ನನ್ನ ಹೆಸರು ಹೇಳು, ಗುಲಾಮ. ಆಮೇಲೆ ಕಣ್ಣು ಕೀಳುವೆಯಂತೆ."

ಸಭೆಗೆ ಅದು ಅದ್ಭುತವಾಗಿ ಕಂಡಿತು. ದುರ್ಬಲ ಹುಡುಗ ತಲೆಯೆತ್ತಿದ್ದಾನೆ, ಸೊಕ್ಕಿನ ಗುಲಾಮ ಮಾತಿಲ್ಲದೆ ಕುಳಿತಿದ್ದಾನೆ. ತುಘಲ್‌ಚಿನ್‌ನ ಆ ಮೌನವನ್ನು ಮಾಷ್ಟ್ರು ಎಷ್ಟು ಚೆಂದ ಅಭಿನಯಿಸುತ್ತಿದ್ದಾರೆ! ಚಪ್ಪಾಳೆ ಒಂದು ಮೂಲೆಯಲ್ಲಿ ಶುರುವಾಗಿ ಇಡೀ ಹಾಲಿಗೆ ಹರಡಿತು. ಆ ಸದ್ದಿನ ನಡುವೆ ಮಾಷ್ಟ್ರು ಕುರ್ಚಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಹೆಸರಿಗಾಗಿ ಮೈಕನ್ನು, ತಾಳವನ್ನು, ತನ್ನದೇ ಮೊಣಕಾಲನ್ನು ನೋಡುತ್ತಿದ್ದರು. ಸುಲ್ತಾನನ ಹೆಸರೂ ಇರಲಿಲ್ಲ, ಲತೀಶನ ಹೆಸರೂ ಇರಲಿಲ್ಲ. ಹತ್ತಿರ ಕುಳಿತ ಲತೀಶನಿಗೆ ಅವರ ಉಸಿರು ಕೇಳುತ್ತಿತ್ತು. ಈಗಲಾದರೂ ಎತ್ತಿಕೊಡಬಹುದಿತ್ತು. ಚಪ್ಪಾಳೆ ನಿಲ್ಲಲಿ ಎಂದು ಅವನು ಕಾದ. ಅದು ಬೇಗ ನಿಲ್ಲಲಿಲ್ಲ.

ಈಶ್ವರಪ್ರಸಾದ ಕಾಯಲಿಲ್ಲ. ಊಟದ ಪದವನ್ನೂ ನಡುವಿನ ಎರಡು ಪದಗಳನ್ನೂ ಹಾರಿಸಿ, ಕಣ್ಣು ಕೀಳುವ ಪದವನ್ನೇ ಎತ್ತಿದ. ಭಾಗವತರ ಬಾಯಲ್ಲಿ ಬಂದದ್ದು ಆಗಿಹೋದ ಹಾಗೆ. ಅದರ ಜೊತೆ ಯಾರೂ ವಾದ ಮಾಡುವಂತಿಲ್ಲ. ಜಾಗಟೆಯ ಪೆಟ್ಟಿಗೊಂದರಂತೆ ಸುಲ್ತಾನನ ಕಣ್ಣುಗಳು ಹೋದವು. ಆಮೇಲೆ ಲತೀಶ್ ಕುರುಡನ ಅಳಲು ಹೇಳಬೇಕಿತ್ತು. ಹೇಳಿದ. ಚೆನ್ನಾಗಿಯೇ ಹೇಳಿದ. ಹೇಳುವಾಗ ಕಣ್ಣು ಮುಚ್ಚಿಕೊಂಡಿದ್ದ, ಅದನ್ನೂ ಜನ ಮೆಚ್ಚಿದರು.

ಮಂಗಳ ಹಾಡಿದ ಮೇಲೆ ಚಾ ಹಿಡಿದು ನಿಂತಲ್ಲಿ ಅವನ ಬೆನ್ನು ತಟ್ಟಿದವರಿಗೆ ಲೆಕ್ಕವಿಲ್ಲ.

"ಎಲ್ಲಿ ಅಡಗಿಸಿ ಇಟ್ಟಿದ್ದೆ ಮಾರಾಯ ಇಷ್ಟು ದಿನ?"

"ಮಾಷ್ಟ್ರ ಬಾಯಿ ಮುಚ್ಚಿಸಿದ ಗಂಡು ಇವತ್ತು ಹುಟ್ಟಿದ!"

"ಹಾಗಲ್ಲ, ಮಾಷ್ಟ್ರೇ ಬಿಟ್ಟುಕೊಟ್ಟದ್ದು. ಶಿಷ್ಯ ಅಲ್ವಾ."

ಧನರಾಜ್ ಅವನನ್ನು ಕಂಬದ ಹಿಂದೆ ಎಳೆದುಕೊಂಡು ಹೋದ. "ಲೈವ್ ಎಷ್ಟು ಜನ ನೋಡಿದ್ರು ಗೊತ್ತುಂಟಾ? ಬಹರೈನಿಂದ ಫೋನ್ ಬಂತು. ಬರುವ ಭಾನುವಾರ ಶಿರಿಯದಲ್ಲಿ ಇದೇ ಪ್ರಸಂಗ ಬೇಕಂತೆ. ತುಘಲ್‌ಚಿನ್ ನೀನೇ ಮಾಡು."

"ಮಾಷ್ಟ್ರು?"

"ಮಾಷ್ಟ್ರಿಗೆ ಹುಷಾರಿಲ್ಲ, ಇನ್ನು ಕರೀಬೇಡಿ ಅಂತ ವಿಜೇತಾ ಈಗಷ್ಟೇ ಹೇಳಿದ್ಲು. ಎಂತ, ಆಗ್ತದಾ?"

"ಆಯ್ತು," ಎಂದ ಲತೀಶ್. ಯೋಚಿಸಿ ಹೇಳುತ್ತೇನೆ ಎಂದು ಹೇಳಬೇಕೆಂದಿದ್ದ. ಆಗುವುದಿಲ್ಲ ಎಂದು ಹೇಳಿ ಅಭ್ಯಾಸವಿರಲಿಲ್ಲ.

ಕೆಳಗೆ ಕಾರು ನಿಂತಿತ್ತು. ಮಾಷ್ಟ್ರು ಹಿಂದಿನ ಸೀಟಿನಲ್ಲಿ ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಮುಖ ತಿಳಿಯಾಗಿತ್ತು, ಮಳೆ ನೋಡುತ್ತಿದ್ದರು. ಲತೀಶ್ ಹತ್ತಿರ ಹೋದಾಗ ತಾವೇ ಗಾಜು ಇಳಿಸಿದರು.

"ಸುಲ್ತಾನ ಹೇಳಿದ್ದು ನೀವಾ?"

"ಹೌದು ಮಾಷ್ಟ್ರೆ."

"ಕಂಠ ಒಳ್ಳೆದುಂಟು. ಉಸಿರೂ ಸರಿ ಉಂಟು. ಆದರೆ ಒಂದು ಮಾತು. ಬೇಸರ ಮಾಡ್ಬೇಡಿ." ಅವರು ಕೈ ಹೊರಗೆ ಚಾಚಿ ಲತೀಶನ ಮಣಿಕಟ್ಟು ಹಿಡಿದರು. "ಎದುರಿನವ ನಿಂತಾಗ ಹಾಗೆ ಕೇಳ್ಳಿಕ್ಕಿಲ್ಲ. ಇದು ನಿಮಗೆ ಯಾರೂ ಹೇಳ್ಲಿಲ್ವಾ? ಯಾರು ನಿಮ್ಮ ಗುರುಗಳು?"

ವಿಜೇತಾ ಡ್ರೈವರ್ ಸೀಟಿನಲ್ಲಿ ನೆಟ್ಟಗೆ ಕುಳಿತಿದ್ದಳು. ಲತೀಶ್ ಅವಳ ಬೆನ್ನನ್ನು ನೋಡಿದ.

"ಯಾರೂ ಇಲ್ಲ," ಎಂದ.

"ಅಯ್ಯೋ. ಹಾಗಾದ್ರೆ ಭಾನುವಾರ ಬನ್ನಿ ಮನೆಗೆ. ನಾನು ಹೇಳಿಕೊಡ್ತೇನೆ. ಎಡನೀರಿನಲ್ಲಿ ಇಳಿದು ಯಾರತ್ರ ಕೇಳಿದ್ರೂ ತೋರಿಸ್ತಾರೆ." ಅವರಿಗೆ ನಿಜಕ್ಕೂ ಪಾಪ ಅನ್ನಿಸಿತ್ತು. "ಗುರು ಇಲ್ಲದೆ ಎಷ್ಟು ಕಷ್ಟಪಟ್ಟು ಕಲಿತಿದ್ದೀರಿ!"

ಕಾರು ಶುರುವಾಯಿತು. ಮುಂದಿನ ಗಾಜು ಬೆರಳಷ್ಟು ಇಳಿಯಿತು.

"ಬರ್ಬೇಡಿ," ಎಂದಳು ವಿಜೇತಾ, ಮುಂದೆ ನೋಡುತ್ತಲೇ. "ಅವರು ಮರೀತಾರೆ. ನನಗೆ ಮರೀಲಿಕ್ಕೆ ಆಗುದಿಲ್ಲ."

ಆ ವಾರ ಲತೀಶ್ ಆಳಿದ. ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ. 'ನನ್ನ ಹೆಸರೇನು' ಎಂಬ ತುಣುಕು ಎಲ್ಲರ ಮೊಬೈಲಿನಲ್ಲಿ ತಿರುಗುತ್ತಿತ್ತು. ಬಸ್ಸಿನ ಕ್ಲೀನರ್ ಅವನಿಗೆ ಸಲಾಂ ಹೊಡೆದ. ಅಂಗಡಿಯ ಯಜಮಾನರು ಅದನ್ನು ಗಿರಾಕಿಗಳಿಗೆ ತೋರಿಸಿ, ಸುಲ್ತಾನರೇ ನಿಮಗೆ ಟೈಲ್ಸ್ ತೋರಿಸ್ತಾರೆ, ಡಿಸ್ಕೌಂಟ್ ಕೇಳ್ಬೇಡಿ ಎಂದು ನಗಾಡಿದರು. ಲತೀಶ್ ತಾನೂ ಅದನ್ನು ನೋಡಿದ, ಯಾರೂ ಇಲ್ಲದಾಗ, ಮತ್ತೆ ಮತ್ತೆ. ತನ್ನ ಮುಖವನ್ನು ನೋಡಲೆಂದು ಶುರು ಮಾಡುತ್ತಿದ್ದ. ಪ್ರತಿ ಸಲವೂ ಕಣ್ಣು ಚೌಕಟ್ಟಿನ ಅಂಚಿಗೆ, ಕುರ್ಚಿಯ ಕೈ ಹಿಡಿದ ಎರಡು ಕೈಗಳಿಗೆ ಹೋಗುತ್ತಿತ್ತು. ಗುರುವಾರ ಅಳಿಸಿಹಾಕಿದ. ಶುಕ್ರವಾರ ಬೆಳಿಗ್ಗೆ ಬೇರೆ ಯಾರೋ ಅದನ್ನೇ ಕಳಿಸಿದ್ದರು, ಕಿರೀಟದ ಚಿತ್ರ ಹಾಕಿ.

ಭಾನುವಾರ ಮಧ್ಯಾಹ್ನ ಕುಂಬಳೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅಲ್ಲಿಂದ ಶಿರಿಯಕ್ಕೆ ಧನರಾಜ್ ಜೀಪಿನಲ್ಲಿ ಕರೆದೊಯ್ಯುತ್ತಾನೆ. ಸುಲ್ತಾನನ ಅರ್ಥಕ್ಕೆ ಪುತ್ತಿಗೆಯ ಕಡೆಯ ಚೆನ್ನಯ್ಯ ಎಂಬವನನ್ನು ಗೊತ್ತು ಮಾಡಿದ್ದರು, ಹೊಸಬ. ಶನಿವಾರ ಫೋನ್ ಮಾಡಿ, ಅಣ್ಣ, ನಾನು ಎಲ್ಲಿಯಾದ್ರೂ ತಪ್ಪಿದ್ರೆ ಸ್ವಲ್ಪ ನೋಡ್ಕೊಳ್ಳಿ ಎಂದಿದ್ದ. ಲತೀಶ್ ಆಯ್ತು ಎಂದಿದ್ದ. ಈಗ ಬಸ್ಸಿನಲ್ಲಿ ತುಘಲ್‌ಚಿನ್‌ನ ಮಾತುಗಳನ್ನು ಹೆಣೆಯಲು ನೋಡಿದ. ಬಾಯಿಗೆ ಬಂದದ್ದೆಲ್ಲ ಮಾಷ್ಟ್ರದ್ದೇ. ಮಾರುಕಟ್ಟೆಯ ಬಾಲಕ, ಹಲ್ಲು ಎಣಿಸಿದ ವರ್ತಕ, ಹಡಗಿನ ತಳದ ಕತ್ತಲೆ. ಬೇರೆ ಒಂದು ಮಾತೂ ಹುಟ್ಟಲಿಲ್ಲ.

ಫೋನ್ ಬಡಿಯಿತು. ವಿಜೇತಾ.

"ಎಲ್ಲಿದ್ದೀರಿ?"

"ಬಸ್ಸಲ್ಲಿ ಅಕ್ಕ."

"ಅಪ್ಪ ಬೆಳಿಗ್ಗೆಯಿಂದ ಚಾವಡಿಯಲ್ಲಿ ಕೂತಿದ್ದಾರೆ. ಸ್ನಾನ ಮಾಡಿ, ಹೊಸ ಪಂಚೆ ಉಟ್ಟು. ಊಟಕ್ಕೂ ಏಳ್ಲಿಲ್ಲ. ಯಾರೋ ಕಲೀಲಿಕ್ಕೆ ಬರ್ತಾರೆ ಅಂತ ಹೇಳ್ತಾ ಇದ್ದಾರೆ. ಯಾರು ಅಂತ ಗೊತ್ತಿಲ್ಲ ಅವರಿಗೆ. ಬರ್ತಾರೆ ಅಂತ ಮಾತ್ರ ನೆನಪುಂಟು. ಏನೂ ನಿಲ್ಲದ ತಲೆಯಲ್ಲಿ ಅದೊಂದು ನಿಂತಿದೆ."

"ನೀವು ಬರ್ಬೇಡಿ ಅಂದ್ರಿ."

"ಅಂದೆ. ಈಗ ಬನ್ನಿ ಅಂತ ಹೇಳ್ತಾ ಇದ್ದೇನೆ."

"ಪ್ರೋಗ್ರಾಮ್ ಉಂಟಲ್ಲ ಅಕ್ಕ, ಶಿರಿಯದಲ್ಲಿ. ಒಪ್ಪಿಕೊಂಡಾಗಿದೆ. ಮುಗಿಸಿ ಬರ್ತೇನೆ. ಆರೂವರೆ ಏಳಕ್ಕೆ ಬರ್ತೇನೆ."

ಆ ಕಡೆಯಿಂದ ಮಾಷ್ಟ್ರ ದನಿ ದೂರದಲ್ಲಿ ಕೇಳಿಸಿತು. ಗೇಟಿನ ಹತ್ತಿರ ಯಾರೋ ಬಂದ ಹಾಗಾಯಿತು ನೋಡು ಮಗಾ, ಎನ್ನುತ್ತಿದ್ದರು.

"ಅಷ್ಟು ಹೊತ್ತಿಗೆ ಕಾಯ್ತಾ ಇದ್ದದ್ದು ಮರೆತಿರ್ತಾರೆ," ಎಂದಳು ವಿಜೇತಾ. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಫೋನ್ ಇಟ್ಟಳು.

ಬಸ್ಸು ಸೀತಾಂಗೋಳಿಯಲ್ಲಿ ನಿಂತಿತು. ಅಲ್ಲಿ ಇಳಿದರೆ ಹಿಂದಕ್ಕೆ ಹೋಗುವ ಬಸ್ಸು ಎದುರು ಬದಿಯಲ್ಲೇ ಸಿಗುತ್ತಿತ್ತು. ಲತೀಶ್ ಎದ್ದು ನಿಂತ. ಚೀಲವನ್ನೂ ಹೆಗಲಿಗೆ ಹಾಕಿಕೊಂಡ.

"ಇಳಿಯುದಾ ಸುಲ್ತಾನರೇ?" ಕಂಡಕ್ಟರ್ ಬಾಗಿಲಿನಿಂದ ಕೂಗಿದ. "ಶಿರಿಯದಲ್ಲಿ ಅಲ್ವಾ ಇವತ್ತು ನಿಮ್ಮದು?" ನಾಲ್ಕಾರು ಮುಖಗಳು ತಿರುಗಿ ಅವನನ್ನು ನೋಡಿದವು, ನಕ್ಕವು.

"ಹೌದು," ಎಂದ ಲತೀಶ್. "ಶಿರಿಯಕ್ಕೇ."

ಕುಳಿತುಕೊಂಡ. ಕಂಡಕ್ಟರ್ ಬಾಗಿಲು ಎಳೆದು ಬೆಲ್ ಹೊಡೆದ.